ಬಡಗಿಯ ಮನೆಯ ಗೋಡೆ ಬೀರು

“ಗುರುಗಳೇ, ಮಾತು ಕೇಳದ ಹೆಂಡತಿಯನ್ನು ತಿದ್ದುವುದು ಹೇಗೆ?” ಎಂದು ಸಿದ್ದವೀರ ಕೇಳಿದ.

ಅವನು ಗುರುಗಳ ಹಳೆಯ ಶಿಷ್ಯ, ಸಂಸಾರಿ. ಹೆಂಡತಿಯೆಂದರೆ ಅವನಿಗೆ ಪ್ರಾಣ. ಅದಕ್ಕೇ ಸಂಕಟವೂ ಹೆಚ್ಚು. “ಅವಳ ತಾಯಿ ತೀರಿಕೊಂಡಂದಿನಿಂದ ಮುಖದಲ್ಲಿ ನಗುವಿಲ್ಲ, ಕರೆದರೆ ಓಗೊಡುವುದಿಲ್ಲ. ದಿನವೂ ಬುದ್ಧಿ ಹೇಳಿ ನನಗೂ ಸಾಕಾಯಿತು. ನಾಳೆ ಅವಳ ಅಣ್ಣನ ಮನೆಗೆ ಕಳಿಸಿಬಿಡುತ್ತೇನೆ. ಸರಿಹೋದ ಮೇಲೆ ಬರಲಿ” ಎಂದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಕತೆ ಶುರುಮಾಡಿದರು.

ಒಬ್ಬ ಬಡಗಿಯಿದ್ದ. ಊರವರ ಮನೆಗಳಿಗೆಲ್ಲ ಬಾಗಿಲು ಕೂಡಿಸಿದವನ ಸ್ವಂತ ಮನೆಯಲ್ಲಿ ಬಟ್ಟೆಯಿಡಲು ಒಂದು ಗೂಡೂ ಇರಲಿಲ್ಲ. ಹೆಂಡತಿ ಕೇಳಿದಾಗಲೆಲ್ಲ “ನಾಳೆ” ಎನ್ನುತ್ತಿದ್ದ. ಆ ನಾಳೆ ಒಂದು ಬೇಸಿಗೆಯಲ್ಲಿ ಬಂತು. ಗೋಡೆಯೊಳಗೆ ಚೌಕಟ್ಟು ಕೂರಿಸಿ, ಹಲಸಿನ ಹಲಗೆಯಲ್ಲಿ ಅವಳಿಗೊಂದು ಬೀರು ಮಾಡಿಕೊಟ್ಟ. ಬಾಗಿಲು ಹಾಕಿದರೆ ಕೂದಲೂ ತೂರದು. ಅವಳು ಹಿರಿಹಿರಿ ಹಿಗ್ಗಿ, ತನ್ನ ಧಾರೆ ಸೀರೆಯನ್ನು ಮಡಿಸಿ ಅದರಲ್ಲಿಟ್ಟಳು.

ಮಳೆ ಹಿಡಿಯಿತು. ಮರ ತೇವ ಕುಡಿದು ಉಬ್ಬಿ, ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಿತು. ಬಡಗಿಗೆ ಎಲ್ಲಿಲ್ಲದ ಸಿಟ್ಟು. ನಾನು ಮಾಡಿದ ಬಾಗಿಲು ನನ್ನ ಮಾತೇ ಕೇಳದೇ? ಮರ ಹೆರೆಯುವ ಕೀಸುಳಿ ತಂದು ಅಂಚನ್ನು ಕೀಸಿದ. ಮಳೆ ಜೋರಾಯಿತು, ಬಾಗಿಲು ಮತ್ತೆ ಕಚ್ಚಿತು. ಮತ್ತೆ ಕೀಸಿದ. ಬೇರೆಯವರ ಮನೆಯಾಗಿದ್ದರೆ “ಬಿಸಿಲು ಬರಲಿ ಬಿಡಿ” ಎನ್ನುತ್ತಿದ್ದ. ತನ್ನದಾದ್ದರಿಂದ ತಾಳ್ಮೆ ಇರಲಿಲ್ಲ.

ಬೇಸಿಗೆಗೆ ಮರ ಒಣಗಿ ಕುಗ್ಗಿತು. ಕೀಸಿದ ಕಡೆ ಬೆರಳು ತೂರುವಷ್ಟು ಸಂದು. ಆ ಸಂದಿನಲ್ಲಿ ಸುಂಡಿಲಿಗಳು ನುಗ್ಗಿ ಧಾರೆ ಸೀರೆಯ ಸೆರಗನ್ನೇ ಕಡಿದುಹಾಕಿದವು. ಅವಳು ಬಯ್ಯಲಿಲ್ಲ. ಹರಿದ ಸೆರಗನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ಕೀಸಿ ಉದುರಿಸಿದ್ದನ್ನು ಮತ್ತೆ ಮರಕ್ಕೆ ಕೂಡಿಸುವುದು ಯಾವ ಬಡಗಿಗೂ ಬಾರದು. ಹೊಸ ಬಾಗಿಲನ್ನೇ ಮಾಡಿದ.

ಮರುವರ್ಷದ ಮಳೆಗೆ ಅದೂ ಬಿಗಿಯಿತು. ಅವನ ಕೈ ಅಭ್ಯಾಸಬಲದಿಂದ ಕೀಸುಳಿಗೆ ಹೋಯಿತು. ಹೆಂಡತಿ ಬೀರುವಿಗೆ ಅಡ್ಡ ನಿಂತಳು.

“ಬಸುರಿಯಾಗಿದ್ದಾಗ ನಾನೂ ಊದಿಕೊಂಡಿದ್ದೆ. ಆಗ ನನ್ನನ್ನೂ ಕೀಸಿದ್ರಾ?”

ಬಡಗಿಗೆ ನಗು ತಡೆಯಲಾಗಲಿಲ್ಲ. “ಹಾಗಾದ್ರೆ ನಿನ್ನ ಸೀರೆ ಹೇಗೆ ತೆಗೀತೀಯೆ?”

“ತೆಗೆದುಕೊಡೋಕೆ ನೀವಿಲ್ವಾ?”

ಅವನು ಕೀಸುಳಿಯನ್ನು ಅಟ್ಟಕ್ಕೆ ಹಾಕಿದ. ಆ ಮಳೆಗಾಲವಿಡೀ ಬೆಳಗಾದರೆ ತಾನೇ ಬಂದು, ಬಾಗಿಲಿನ ಮೂಲೆಯನ್ನು ತುಸು ಮೇಲೆತ್ತಿ, ಮೆಲ್ಲಗೆ ಎಳೆದು ತೆರೆದುಕೊಡುತ್ತಿದ್ದ. ಹೀಗೆ ತೆರೆದುಕೊಡುವುದೇ ಅವನಿಗೆ ಇಷ್ಟವಾಗಿಬಿಟ್ಟಿತು. ದೀಪಾವಳಿಯ ಹೊತ್ತಿಗೆ ಬಿಸಿಲು ಕಾದು ಬಾಗಿಲು ತಾನಾಗಿ ಸಡಿಲಿತು. ಅವಳು ಕಿರುಬೆರಳಲ್ಲಿ ತೆರೆದು ತೋರಿಸಿದಳು.

ಗುರುಗಳು ಕತೆ ನಿಲ್ಲಿಸಿದರು. ಸಿದ್ದವೀರ ಮೆಚ್ಚಿ ತಲೆದೂಗಿದ.

“ಎಂಥ ಒಳ್ಳೆಯ ಹೆಂಗಸು! ಆದರೆ ಗುರುಗಳೇ, ನನ್ನ ಪ್ರಶ್ನೆಗೆ ಉತ್ತರ ಹೇಳಲಿಲ್ಲವಲ್ಲ.”

“ತಾಯಿ ಹೋಗಿ ವರ್ಷ ತುಂಬಿಲ್ಲ, ಅವಳಿಗಿನ್ನೂ ಮಳೆಗಾಲ, ನಿನ್ನ ಕೈಯಲ್ಲಿ ಆಗಲೇ ಕೀಸುಳಿಯೇ, ಸಿದ್ದವೀರ?”