ಫೋನಿನೊಳಗಿನ ಅಡಿವೆಪ್ಪಜ್ಜ

ಮೈಲಾರಿಯಂಥ ಶಿಷ್ಯ ಹೊಳೆಯ ಈ ದಂಡೆಯಲ್ಲೂ ಇರಲಿಲ್ಲ, ಆ ದಂಡೆಯಲ್ಲೂ ಇರಲಿಲ್ಲ. ಇದನ್ನು ಬೇರೆಯವರು ಹೇಳಬೇಕಾಗಿರಲಿಲ್ಲ, ಅವನೇ ಹೇಳುತ್ತಿದ್ದ.

ಬೆಳಿಗ್ಗೆ ಅಡಿವೆಪ್ಪಜ್ಜನ ಆಶ್ರಮದಲ್ಲಿ ಕಸ ಹೊಡೆದು, ನೀರು ಹೊತ್ತು, ಪಾಠ ಕೇಳುತ್ತಿದ್ದ. ಮಧ್ಯಾಹ್ನ ಪೇಟೆಗೆ ಹೋಗಿ ಕಂಪನಿಗಳಿಗೆ ವಿಡಿಯೊ ಮಾಡಿಕೊಡುತ್ತಿದ್ದ.

ಕ್ಯಾಮೆರಾ ಹೊತ್ತು ತಿರುಗುವ ವಿಡಿಯೊ ಅಲ್ಲ. ಒಬ್ಬರ ಮುಖ, ದನಿ ಒಮ್ಮೆ ಹಿಡಿದುಕೊಂಡರೆ ಮುಗಿಯಿತು. ಆಮೇಲೆ ಇವನು ಏನು ಟೈಪ್ ಮಾಡಿದರೂ ಎಐ ಆ ಮುಖದಿಂದಲೇ ಆಡಿಸುತ್ತಿತ್ತು. ಅಂಥ ಮುಖಕ್ಕೆ ಅವತಾರ್ ಎಂದು ಹೆಸರು.

ಒಂದು ಬೆಳಿಗ್ಗೆ ಅಜ್ಜ ಹೊಳೆಯ ಮೆಟ್ಟಿಲ ಮೇಲೆ ಧೋತರ ಒಗೆಯುತ್ತಿದ್ದ. ಮೈಲಾರಿ ಫೋನು ಹಿಡಿದು ಓಡಿಬಂದ.

"ಅಜ್ಜಾರ, ಇದನ್ನ ನೋಡ್ರಿ. ಇಡೀ ಜಿಲ್ಲಾದಾಗ ಇಂಥಾದ್ದು ಮಾಡೋ ಗಂಡು ಇನ್ನೊಬ್ಬ ಇದ್ರ ನನ್ನ ಮೀಸಿ ಬೋಳಿಸ್ರಿ."

"ಮೀಸಿ ಇನ್ನೂ ಬಂದಿಲ್ಲಲ್ಲೋ," ಅಂದ ಅಜ್ಜ, ಕೈ ಒರೆಸಿಕೊಂಡು.

ಫೋನಿನಲ್ಲಿ ಬಿಸ್ಕತ್ತು ಕಾರ್ಖಾನೆಯ ನೀಲಕಂಠ ಸಾಹುಕಾರ ಕೋಟು ಹಾಕಿಕೊಂಡು ನಿಂತಿದ್ದ. ಹೊಸ ಯಂತ್ರ ಬಂದಿದೆ, ಪ್ಯಾಕಿಂಗ್ ವಿಭಾಗ ಮುಚ್ಚುತ್ತಿದೆ ಎಂದ. ಆ ವಿಭಾಗದವರು ನಾಳೆಯಿಂದ ಬರುವುದು ಬೇಡ ಎಂದ. ಎಲ್ಲರ ಭವಿಷ್ಯ ಉಜ್ವಲವಾಗಲಿ ಎಂದು ಕೈಮುಗಿದ.

"ಸಾಹುಕಾರ ಇದನ್ನ ಯಾವಾಗ ಹೇಳಿದ?"

"ಹೇಳೇ ಇಲ್ರಿ! ಅದೇ ನೋಡ್ರಿ ಮಜಾ. ಅವರು ಮನಿಯಾಗ ಚಾ ಕುಡಕೋತ ಕುಂತಿದ್ರು. ನಾ ಟೈಪ್ ಮಾಡಿದೆ, ಇದು ಮಾತಾಡ್ತು. ಸ್ವಲ್ಪ ದುಃಖ ಹೆಚ್ಚಿಗಿ ಹಾಕು ಅಂದ್ರು, ಹಾಕೀನಿ. ಹುಬ್ಬು ಹೆಂಗ ಕೂಡಿಸೀನಿ ನೋಡ್ರಿ!"

"ನೋಡಿದೆ."

"ಸಂಜಿಗೆ ಪಾಳಿ ಬಿಡೋ ಹೊತ್ತಿನಾಗ ಎಲ್ಲಾರ ಫೋನಿಗೆ ಹೋಗ್ತೈತಿ. ಇದೊಂದು ಪಾಸಾತು ಅಂದ್ರ ಸಾಹುಕಾರ್ರ ಎಲ್ಲಾ ಕಾರ್ಖಾನಿ ವಿಡಿಯೊ ನಂದೇ."

ಅಜ್ಜ ಧೋತರ ಹಿಂಡಿದ.

"ನಂದೂ ಒಂದು ಅವತಾರ್ ಮಾಡ್ತೀಯೇನು?"

ಮೈಲಾರಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅಜ್ಜನನ್ನು ಹುಣಸೆಮರದ ಕೆಳಗೆ ಕೂಡಿಸಿದ.

"ಅತ್ತಿತ್ತ ನೋಡಬ್ಯಾಡ್ರಿ. ಕೈ ಆಡಿಸಬ್ಯಾಡ್ರಿ. ಒಂದು ಮಾತು ಮುಗಿದ ಮ್ಯಾಲೆ ಬಾಯಿ ಮುಚ್ಚಿ ಸುಮ್ಮನಿರ್ರಿ, ಆಮ್ಯಾಲೆ ಇನ್ನೊಂದು ಮಾತು."

"ಇದನ್ನೇ ನಾ ನಿನಗ ಹೇಳಾಕತ್ತಿ ಎಷ್ಟು ವರ್ಷಾತೋ?"

"ನಗಿಸಬ್ಯಾಡ್ರಿ ಅಜ್ಜಾರ, ಫೋನು ಅಳ್ಳಾಡ್ತೈತಿ. ಈಗ, ನನ್ನ ಮುಖ ನನ್ನ ದನಿ ಬಳಸಾಕ ಒಪ್ಪೀನಿ ಅಂತ ಹೇಳ್ರಿ. ಒಪ್ಪಿಗಿ ಇಲ್ದ ಮಾಡೂ ಹಂಗಿಲ್ಲ."

ಅಜ್ಜ ಹೇಳಿದ.

"ಏನು ಮಾತಾಡಿಸೂನ್ರಿ? ಆಶೀರ್ವಾದ?"

"ಬರಕೋ. 'ಮೈಲಾರಿ, ನೀನು ಇನ್ನು ಈ ಆಶ್ರಮದ ಶಿಷ್ಯನಲ್ಲ. ನಾಳೆಯಿಂದ ಬರುವುದು ಬೇಡ. ನಿನ್ನ ಭವಿಷ್ಯ ಉಜ್ವಲವಾಗಲಿ.'"

ಮೈಲಾರಿ ಬಿದ್ದು ಬಿದ್ದು ನಕ್ಕ. ನಗುತ್ತಲೇ ಟೈಪ್ ಮಾಡಿದ.

"ದುಃಖ ಎಷ್ಟು ಹಾಕ್ಲಿ?"

"ನಿನಗ ಸಾಕು ಅನಿಸುವಷ್ಟು."

ಅಜ್ಜ ಎದ್ದು ಒಳಗೆ ಹೋದ. ಚಿಲಕ ಬಿದ್ದ ಸಪ್ಪಳವಾಯಿತು.

ಸ್ವಲ್ಪ ಹೊತ್ತಿಗೆ ಫೋನಿನಲ್ಲಿ ಅಜ್ಜ ಬಂದ. ಅದೇ ಬಿಳಿ ಗಡ್ಡ, ಅದೇ ಒಡಕು ದನಿ. ನೀನು ಇನ್ನು ಶಿಷ್ಯನಲ್ಲ ಎಂದ. ನಾಳೆಯಿಂದ ಬರುವುದು ಬೇಡ ಎಂದ. ಕೈಮುಗಿದ.

ತನ್ನ ಕೈಚಳಕಕ್ಕೆ ತಾನೇ ಭೇಷ್ ಅಂದುಕೊಂಡು ಮೈಲಾರಿ ಎರಡನೇ ಸಲ ಹಾಕಿದ. ಈ ಸಲ ಅಷ್ಟು ನಗು ಬರಲಿಲ್ಲ.

"ಅಜ್ಜಾರ, ಬಂತು ನೋಡಬರ್ರಿ!"

ಯಾರೂ ಬರಲಿಲ್ಲ. ಹೋಗಿ ಬಾಗಿಲು ಬಡಿದ.

"ಯಾರು?"

"ನಾನ್ರಿ, ಮೈಲಾರಿ."

"ಮೈಲಾರಿಗೆ ಹೇಳೂದೆಲ್ಲಾ ಹೇಳಿ ಆಗೈತಿ."

"ಚ್ಯಾಷ್ಟಿ ಸಾಕ್ರಿ ಅಜ್ಜಾರ. ಅದು ನಾನೇ ಟೈಪ್ ಮಾಡಿದ್ದಲ್ಲೇನ್ರಿ?"

"ಮುಖ ಯಾರದು?"

"ನಿಮ್ಮದು."

"ದನಿ?"

"ನಿಮ್ಮದೇ."

"ಮಾತು?"

"ಅದೂ ನಿಮ್ಮದೇ."

"ಮತ್ತ?"

"ಏನು ತಪ್ಪು ಮಾಡೀನಿ ಅಷ್ಟಾದ್ರೂ ಹೇಳ್ರಿ."

"ಹೇಳಿದವನನ್ನ ಕೇಳು."

ಮೈಲಾರಿ ಸುತ್ತ ನೋಡಿದ. ಯಾರೂ ಇರಲಿಲ್ಲ. ಫೋನನ್ನು ಮುಖದ ಹತ್ತಿರ ಹಿಡಿದು ಮೆಲ್ಲಗೆ ಕೇಳಿಯೂ ಬಿಟ್ಟ: "ಯಾಕ್ರಿ ಅಜ್ಜಾರ?"

ಫೋನಿನ ಅಜ್ಜ ಮುಗಿದ ಕೈ ಮುಗಿದಂತೆಯೇ ನಿಂತಿದ್ದ. ಬೆರಳು ತಾಗಿಸಿದರೆ ಮತ್ತೆ ಮೊದಲಿನಿಂದ ಶುರು ಮಾಡಿ ಭವಿಷ್ಯ ಉಜ್ವಲವಾಗಲಿ ಎಂದ.

ಬಿಸಿಲು ನೆತ್ತಿಗೆ ಬರುವ ತನಕ ಮೈಲಾರಿ ಹೊಸ್ತಿಲ ಹೊರಗೆ ಕೂತಿದ್ದ. ಆಮೇಲೆ ಎದ್ದು, ಮತ್ತೆ ಬಾಗಿಲು ಬಡಿಯದೆ, ಪೇಟೆಯ ದಾರಿ ಹಿಡಿದ.

ನೀಲಕಂಠ ಸಾಹುಕಾರ ಆಫೀಸಿನಲ್ಲಿ ಕಾಯುತ್ತಿದ್ದ. "ಬಾರೋ ಹುಲಿ. ರೆಡಿ ಐತಿಲ್ಲೋ?"

"ಮೊದಲು ಇದೊಂದು ನೋಡ್ರಿ ಸಾಹುಕಾರ್ರ. ದಾರಿಯಾಗ ಮಾಡೀನಿ."

ಫೋನಿನ ಸಾಹುಕಾರ ಕುರ್ಚಿಯ ಸಾಹುಕಾರನಿಗೆ ಹೇಳಿದ: "ನೀಲಕಂಠ, ನೀನು ಇನ್ನು ಈ ಕಾರ್ಖಾನೆಯ ಮಾಲೀಕನಲ್ಲ. ನಾಳೆಯಿಂದ ಬರುವುದು ಬೇಡ. ನಿನ್ನ ಭವಿಷ್ಯ ಉಜ್ವಲವಾಗಲಿ."

"ಏನಿದು? ಯಾಕಂತ?"

"ನನ್ನ ಕೇಳಬ್ಯಾಡ್ರಿ. ಹೇಳಿದವರನ್ನ ಕೇಳ್ರಿ."

ಸಾಹುಕಾರನ ಮುಖ ಕೆಂಪಾಯಿತು. ಕೈಯಲ್ಲಿದ್ದ ಚಹಾದ ಕಪ್ಪನ್ನು ಮೇಜಿನ ಮೇಲೆ ಕುಕ್ಕಿದ.

"ನಿನ್ನ ಸೊಕ್ಕು ಭಾಳ ಆತು. ನಾಳೆಯಿಂದ ಈ ಕಾರ್ಖಾನಿಯಾಗ ಕಾಲಿಡಬ್ಯಾಡ. ನಡಿ ಹೊರಗ!"

ಮೈಲಾರಿ ಬಾಗಿಲ ತನಕ ಹೋಗಿದ್ದ. ಹಿಂದಿನಿಂದ ಸಾಹುಕಾರ ಅಂದ: "ಏ, ನಿಲ್ಲು. ಸಂಜಿಗೆ ಗೇಟಿನ ಹತ್ರ ಒಂದು ಮೈಕ್ ಇಡಿಸಿ ಹೋಗು. ನಾನೇ ಬಂದು ಹೇಳ್ತೀನಿ."

ಕತ್ತಲಾಗುವ ಮುಂಚೆ ಮೈಲಾರಿ ಆಶ್ರಮಕ್ಕೆ ಬಂದ. ಬಾಗಿಲು ತೆರೆದಿತ್ತು. ಅಜ್ಜ ಕಟ್ಟೆಯ ಮೇಲೆ ದೀಪದ ಬತ್ತಿ ಹೊಸೆಯುತ್ತಿದ್ದ. ಮೈಲಾರಿ ಕಟ್ಟೆ ಹತ್ತದೆ ಕೆಳಗೇ ನಿಂತ.

"ಸಾಹುಕಾರನ ವಿಡಿಯೊ ಹೋತೇನು?" ಅಜ್ಜ ಕೇಳಿದ.

"ಇಲ್ರಿ, ಸಾಹುಕಾರ್ರೇ ಗೇಟಿಗೆ ಬಂದ್ರು. ನಾ ಹಿಂದೇ ನಿಂತಿದ್ದೆ."

"ಹೆಂಗ ಮಾತಾಡಿದ?"

"ಒಂಚೂರೂ ಚಂದ ಮಾತಾಡಲಿಲ್ರಿ. ನಾ ಬರೆದ ಮಾತು ಅರ್ಧ ಮರತ್ರು. ಬೆವತ್ರು. ಹುಬ್ಬು ಒಟ್ಟ ಕೂಡಲಿಲ್ಲ. ಪ್ಯಾಕಿಂಗಿನ ಗೌರವ್ವ, 'ನಾಳೆ ನಾ ಎಲ್ಲಿಗೆ ಹೋಗ್ಲಿ, ನಿಮ್ಮ ಮನಿಗೆ ಬರ್ಲೇನು' ಅಂತ ಕೇಳಿದ್ಲು. 'ಬಾ ಯವ್ವಾ, ಕುಂತು ಮಾತಾಡೂನು' ಅಂದ್ರು."

"ಮಂದಿ ಬೈದ್ರೇನು?"

"ಬಾಯಿಗೆ ಬಂದಂಗ ಬೈದ್ರು. ಕಾರ್ಖಾನಿ ಬಸ್ಸು ಹೋಗೂ ತನಕ ನಿಂತು ಬೈಸಿಕೊಂಡ್ರು."

"ವಿಭಾಗ?"

"ಮುಚ್ಚೇ ಮುಚ್ಚಿತ್ರಿ."

"ನಿನ್ನ ಕೆಲಸ?"

"ಅದೂ ಹೋತು. ನನ್ನ ಮುಖ ನೋಡಿ ಹೇಳಿದ್ರು, ಅಷ್ಟ."

ಅಜ್ಜ ದೀಪ ಹಚ್ಚಿದ. ಮೈಲಾರಿ ಕಾಲ ಬೆರಳಿನಿಂದ ಮಣ್ಣು ಕೆದರಿದ. ಅವನ ದನಿ ಇಷ್ಟು ಸಣ್ಣದಾಗಿದ್ದನ್ನು ಆ ಹೊಳೆದಂಡೆ ಕೇಳಿರಲಿಲ್ಲ.

"ಅಜ್ಜಾರ, ನಾಳೆ ನಾ ಬರೂದೋ ಬ್ಯಾಡೋ?"

"ಫೋನು ಏನಂತು?"

"ಬ್ಯಾಡ ಅಂತು."

"ಅದನ್ನ ನಂಬಿದೆಯೇನು?"

"ನಂಬಿದೆ ರೀ. ನಾನೇ ಮಾಡಿದ್ದು ಅಂತ ಗೊತ್ತಿದ್ರೂ ಎದಿ ಧಸಕ್ ಅಂತು."

ಅಜ್ಜ ಕಟ್ಟೆಯ ಮೇಲೆ ಸ್ವಲ್ಪ ಸರಿದು ಅವನಿಗೆ ಜಾಗ ಮಾಡಿದ.

"ನಂಬಿದವ ಮತ್ತ ನನ್ನ ಮುಂದ ಬಂದು ಯಾಕ ಕೇಳ್ತಿ?"