ಎಲೆ ಮಡಚದ ಅಡುಗೆಯವನು

“ಗುರುಗಳೇ, ಹನ್ನೆರಡು ವರ್ಷ ಈ ಮಠದಲ್ಲಿ ಕೂತು ಧ್ಯಾನ ಮಾಡಿದೆ. ಒಳಗೆ ಕತ್ತಲೆ ಬಿಟ್ಟು ಬೇರೇನೂ ಕಾಣಲಿಲ್ಲ. ಈಗ ಎದ್ದುಹೋದರೆ ತಪ್ಪೇ?” ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಅಡುಗೆಯವನಿದ್ದ. ಅವನಲ್ಲಿ ತಾತನ ಕಾಲದ ತಾಮ್ರದ ಕೊಪ್ಪರಿಗೆಯೊಂದಿತ್ತು. ಐನೂರು ಜನರ ಅನ್ನ ಅದರಲ್ಲಿ ಬೇಯುತ್ತಿತ್ತು, ಅವನ ಮನೆಯ ಅನ್ನವೂ ಅದರಿಂದಲೇ. ಕೊಪ್ಪರಿಗೆ ಇಲ್ಲದವನನ್ನು ಮದುವೆಯ ಅಡುಗೆಗೆ ಯಾರು ಕರೆಯುತ್ತಾರೆ?

ಒಂದು ಮದುವೆಯಲ್ಲಿ ಊಟ ಮುಗಿದ ಮೇಲೆ ಮೂವರು ಚಪ್ಪರದಡಿ ಇಸ್ಪೀಟಿಗೆ ಕೂತರು. ಅವರಲ್ಲಿ ಒಬ್ಬ ವ್ಯಾಪಾರಿ, ಒಬ್ಬ ನೆಂಟ, ಮೂರನೆಯವನು ಈ ಅಡುಗೆಯವನು. ಅವನಿಗೆ ಆಟ ಬಾರದು. ವ್ಯಾಪಾರಿಯೇ ಹೇಳಿಕೊಟ್ಟ.

“ಇರೋದು ನಾಲ್ಕೇ ಮಾತು ಕಣಯ್ಯ. ಯಾರೂ ಪಣ ಹಾಕಿಲ್ಲವೋ, ನೆಲ ತಟ್ಟಿ ಸುಮ್ಮನಿರು. ಹಾಕಿದರೋ, ನೀನೂ ಅಷ್ಟೇ ಹಾಕು. ಧೈರ್ಯ ಇದ್ದರೆ ಏರಿಸು. ಆಗಲ್ಲ ಅಂದರೆ ಎಲೆ ಮಡಚಿ ಏಳು.”

ಮೊದಲ ಮೂರು ಅವನ ತಲೆಗೆ ಹೋದವು. ನಾಲ್ಕನೆಯದಕ್ಕೆ ಮನಸ್ಸು ಒಪ್ಪಲಿಲ್ಲ. ಬುದ್ಧಿ ಬಂದಾಗಿನಿಂದ ಪಂಕ್ತಿಗೆ ಬಡಿಸಿದವನು. ಹಿರಿಯರು ಇನ್ನೂ ಕೂತಿರುವಾಗ ಎಲೆ ಮಡಚಿ ಏಳುವವರನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು. ಇಸ್ಪೀಟಿನ ಎಲೆ ಬೇರೆ, ಬಾಳೆಯ ಎಲೆ ಬೇರೆ ಎಂದು ಆ ಪುಣ್ಯಾತ್ಮನಿಗೆ ಹೇಳುವವರು ಯಾರು!

ಅವನಿಗೆ ಬಂದವು ಕೆಲಸಕ್ಕೆ ಬಾರದ ಎಲೆಗಳು. ಅದು ಅವನಿಗೂ ಗೊತ್ತಿತ್ತು. ನೆಲ ತಟ್ಟಿ ಸುಮ್ಮನಾದ. ನೆಂಟ ಐದು ರೂಪಾಯಿ ಹಾಕಿದ. ವ್ಯಾಪಾರಿ ಐವತ್ತಕ್ಕೆ ಏರಿಸಿದ. ಅಡುಗೆಯವನು ಆ ದಿನದ ಕೂಲಿಯನ್ನು ಇಟ್ಟ. ನೆಂಟ ಎಲೆ ಮಡಚಿ ಎದ್ದುಹೋದ. ಮರ್ಯಾದೆ ಗೊತ್ತಿಲ್ಲದವನು ಎಂದುಕೊಂಡ ಅಡುಗೆಯವನು.

ಮರುಸುತ್ತಿನಲ್ಲಿ ವ್ಯಾಪಾರಿ ಮತ್ತೆ ಹಾಕಿದ. ಇವನು ಸೌಟು, ಜಾಲರಿ, ಪರಾತ ಇಟ್ಟ. ಕೊನೆಯ ಸುತ್ತಿನಲ್ಲಿ ವ್ಯಾಪಾರಿ ದೊಡ್ಡ ಪಣವನ್ನೇ ಹಾಕಿದ. ಅಡುಗೆಯವನಿಗೆ ಹೆಂಡತಿಯ ಮುಖ ನೆನಪಾಯಿತು. ಏಳಬೇಕು ಎಂದು ಜೀವ ಕೂಗುತ್ತಿತ್ತು. ಆದರೆ ವ್ಯಾಪಾರಿ ಎದ್ದಿರಲಿಲ್ಲ. ಮುಳುಗಿದವನಿಗೆ ಚಳಿಯೇನು, ಮಳೆಯೇನು? ಒಲೆಯ ಬಳಿಯಿಂದ ಕೊಪ್ಪರಿಗೆಯನ್ನು ಉರುಳಿಸಿಕೊಂಡು ಬಂದ.

ಎಲೆ ತೋರಿಸಿದರು. ವ್ಯಾಪಾರಿಯ ಕೈಯಲ್ಲಿದ್ದದ್ದು ಬರೀ ಮೂರರ ಒಂದು ಜೋಡಿ. ಅಷ್ಟೇ ಸಾಕಾಯಿತು.

“ಅಯ್ಯೋ ಮಂಕೇ, ಇಂಥಾ ಎಲೆ ಹಿಡಕೊಂಡು ಯಾಕಯ್ಯ ಕೂತಿದ್ದೆ?”

“ತಾವು ಕೂತಿದ್ದಿರಲ್ಲ ಬುದ್ಧಿ, ನಾನು ಹೆಂಗೆ ಏಳಲಿ?”

ವ್ಯಾಪಾರಿ ಕೊಪ್ಪರಿಗೆಯನ್ನು ಗಾಡಿಗೆ ಹೇರಿಸಿದ. ಆಮೇಲೆ ಅಡುಗೆಯವನನ್ನು ಯಾವ ಮದುವೆಗೂ ಯಾರೂ ಕರೆಯಲಿಲ್ಲ. ಕರೆಯದ ಮನೆಗಳ ಪಂಕ್ತಿಯ ಕೊನೆಯಲ್ಲಿ ಕೂತು ಉಂಡು, ಉಳಿದ ಆಯುಷ್ಯ ಕಳೆದ.

ಶಿಷ್ಯನ ಮುಖ ಅರಳಿತು. “ಹಾಗಾದರೆ ನಾನು ಏಳಬಹುದು. ಅಪ್ಪಣೆ ಕೊಡಿ” ಎಂದ.

“ಏಳಪ್ಪ” ಎಂದರು ಗುರುಗಳು, “ನಲವತ್ತು ವರ್ಷದಿಂದ ನನಗೂ ಏನೂ ಕಂಡಿಲ್ಲ, ನೀವೆಲ್ಲ ಕೂತಿದ್ದೀರಲ್ಲ ಎಂದು ಕೂತಿದ್ದೇನೆ.”