ಮರಳಿನಲ್ಲಿ ಹೂತ ಬೀಗದ ಕೈ

“ಗುರುಗಳೇ, ಒಬ್ಬ ಮನುಷ್ಯ ನಂಬಿಕೆಗೆ ತಕ್ಕವನೋ ಅಲ್ಲವೋ ಎಂದು ಮೊದಲೇ ತಿಳಿಯುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಕೇಳಲು ಕಾರಣವಿತ್ತು. ಮಠಕ್ಕೆ ಹೊಸಬನೊಬ್ಬ ಬಂದು ಸೇರಿದ್ದ. ಇಬ್ಬರಿಗೂ ಒಂದೇ ಕೋಣೆ. ಹೊಸಬ ಎಲ್ಲಿಯವನು, ಯಾರ ಪೈಕಿ ಎಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅವನು ಬಂದಂದಿನಿಂದ ಶಿಷ್ಯ ತನ್ನ ಜೋಳಿಗೆಯನ್ನೇ ತಲೆದಿಂಬು ಮಾಡಿಕೊಂಡು ಮಲಗುತ್ತಿದ್ದ. ಮಲಗುತ್ತಿದ್ದನೇ ಹೊರತು ನಿದ್ದೆ ಮಾಡುತ್ತಿರಲಿಲ್ಲ.

ಗುರುಗಳು ಅವನ ಕೆಂಪಾದ ಕಣ್ಣು ನೋಡಿದರು. “ಕುಳಿತುಕೋ” ಎಂದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಕುದುರೆ ವರ್ತಕನಿದ್ದ. ತಂದ ಕುದುರೆಗಳನ್ನೆಲ್ಲ ದೂರದ ಸಂತೆಯಲ್ಲಿ ಮಾರಿ ಊರಿಗೆ ಹಿಂದಿರುಗುತ್ತಿದ್ದ. ಒಂದು ಹೆಣ್ಣು ಕುದುರೆಯನ್ನು ಮಾತ್ರ ಮಾರಿರಲಿಲ್ಲ. ಅದರ ಹೆಸರು ಕಸ್ತೂರಿ. ಹೆಂಡತಿ ತೀರಿಕೊಂಡ ಮೇಲೆ ಅವನು ಬಾಯಿಬಿಟ್ಟು ಮಾತಾಡುತ್ತಿದ್ದುದು ಆ ಕುದುರೆಯೊಂದರ ಜೊತೆಗೇ. ಊರಿನವರು ನಗುತ್ತಿದ್ದರು. ನಕ್ಕರೆ ನಗಲಿ, ಕುದುರೆಯೇನು ಚಾಡಿ ಹೇಳುತ್ತದೆಯೇ ಎನ್ನುತ್ತಿದ್ದ. ಅದಕ್ಕೆ ಏನಾದರೂ ಆದರೆ ತಾನು ಬದುಕಿ ಉಳಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಊರಿಗೆ ಹೋಗಬೇಕಾದರೆ ನಡುವೆ ಮರಳುಗಾಡು ದಾಟಬೇಕು. ಬೇರೆಯವರು ತಂಡ ಕಟ್ಟಿಕೊಂಡು ದಾಟುತ್ತಾರೆ. ಈ ವರ್ತಕ ತಂಡ ಸೇರಲಿಲ್ಲ. ಹತ್ತು ಜನ ಸೇರಿದರೆ ಹತ್ತು ಕಳ್ಳರು ಸೇರಿದಂತೆ ಎಂಬುದು ಅವನ ಲೆಕ್ಕಾಚಾರ. ಕುದುರೆಯ ಹಲ್ಲು ನೋಡಿದರೆ ವಯಸ್ಸು ಹೇಳಬಲ್ಲವನು ಮನುಷ್ಯರ ಹಲ್ಲು ನೋಡಿದರೆ ಕಚ್ಚಲು ಬಂದರೆಂದೇ ತಿಳಿಯುತ್ತಿದ್ದ. ಒಬ್ಬನೇ ಹೊರಟ. ಗಾಳಿ ಬೀಸಿ ದಾರಿಯ ಗುರುತೆಲ್ಲ ಅಳಿಸಿಹೋಯಿತು. ಚೀಲದ ನೀರು ಇಳಿಯುತ್ತಾ ಬಂತು.

ಹೊತ್ತು ಇಳಿಯುವ ವೇಳೆಗೆ ಒಬ್ಬ ಸವಾರ ಎದುರಾದ. ಬಡಕಲು ಕುದುರೆ, ಹರಕು ಕಂಬಳಿ.

“ಬಾವಿಯ ದಾರಿ ನನಗೆ ಗೊತ್ತು ಸೆಟ್ಟರೇ. ಇವತ್ತು ಇಲ್ಲೇ ಇಳಿದುಕೊಂಡು ಬೆಳಗ್ಗೆ ಜೊತೆಗೆ ಹೋಗೋಣ” ಎಂದ.

ವರ್ತಕನಿಗೆ ಬೇರೆ ಗತಿ ಇರಲಿಲ್ಲ, ಒಪ್ಪಿಕೊಂಡ. ಆದರೆ ಕೇಳದೆಯೇ ಸಹಾಯ ಮಾಡಲು ಬರುವವನಿಗೆ ಏನೋ ಆಸೆ ಇರಲೇಬೇಕು ಎಂದುಕೊಂಡ. ಸವಾರ ಕಸ್ತೂರಿಯ ಕತ್ತು ಸವರಿ “ಒಳ್ಳೇ ಕುದುರೆ” ಎಂದಾಗ ಆ ಆಸೆ ಯಾವುದೆಂದು ಅವನಿಗೆ ಖಾತ್ರಿಯಾಯಿತು.

ಆ ಮರಳುಗಾಡಿನಲ್ಲಿ ಒಂದು ಪದ್ಧತಿಯಿತ್ತು. ಕುದುರೆ ಕಟ್ಟೋಣವೆಂದರೆ ಅಲ್ಲಿ ಮರವಿಲ್ಲ. ಗೂಟ ಹೊಡೆದರೆ ಮರಳಿನಲ್ಲಿ ನಿಲ್ಲುವುದಿಲ್ಲ. ಹಗ್ಗ ಬಿಗಿದರೆ ಕಳ್ಳ ಕೊಯ್ದುಕೊಂಡು ಹೋಗುತ್ತಾನೆ. ಆದ್ದರಿಂದ ಬೀಡು ಬಿಟ್ಟಾಗ ಕುದುರೆಯ ಮುಂಗಾಲುಗಳಿಗೆ ಕಬ್ಬಿಣದ ಕೋಳ ತೊಡಿಸಿ ಬೀಗ ಹಾಕುತ್ತಿದ್ದರು. ಗುರುತಿಲ್ಲದ ಇಬ್ಬರು ಒಂದೇ ಕಡೆ ತಂಗಿದರೆ ಬೀಗದ ಕೈಗಳನ್ನು ಅದಲುಬದಲು ಮಾಡಿಕೊಳ್ಳಬೇಕು. ನನ್ನ ಕುದುರೆಯ ಕೈ ನಿನ್ನ ಸೊಂಟದಲ್ಲಿ, ನಿನ್ನ ಕುದುರೆಯ ಕೈ ನನ್ನ ಸೊಂಟದಲ್ಲಿ. ಬೆಳಗಾದ ಮೇಲೆ ಇಬ್ಬರೂ ಒಟ್ಟಿಗೆ ಹಿಂದಕ್ಕೆ ಕೊಟ್ಟು ಒಟ್ಟಿಗೆ ಹೊರಡಬೇಕು. ಒಬ್ಬ ಇನ್ನೊಬ್ಬನನ್ನು ಬಿಟ್ಟು ಹೋಗುವ ಹಾಗಿಲ್ಲ. ಊರು ಕೇರಿ ವಿಚಾರಿಸುವ ಗೋಜೂ ಇಲ್ಲ. ಮನುಷ್ಯರ ಸ್ವಭಾವ ಬಲ್ಲ ಹಿರಿಯರು ಯಾರೋ ಮಾಡಿಟ್ಟ ಪದ್ಧತಿ.

ಸವಾರ ತನ್ನ ಬೀಗದ ಕೈ ತೆಗೆದು ನೀಡಿದ. ವರ್ತಕನೂ ತನ್ನ ಸೊಂಟಕ್ಕೆ ಕೈ ಹಾಕಿದ. ಹಾಕಿದ ಕೈ ಅಲ್ಲೇ ನಿಂತಿತು.

‘ಇದೆಲ್ಲಿಯ ನ್ಯಾಯ? ಇವನ ಬಡಕಲು ಕುದುರೆಗೂ ನನ್ನ ಕಸ್ತೂರಿಗೂ ಸರಿಸಮವೇ? ಇವನು ಅದನ್ನು ಇಲ್ಲೇ ಬಿಟ್ಟು ಇದನ್ನು ಹತ್ತಿಕೊಂಡು ಹೋದರೆ ಇವನಿಗೆ ನಷ್ಟವೇನು?’

ಯೋಚನೆ ಅಡ್ಡಾದಿಡ್ಡಿಯೇನೂ ಆಗಿರಲಿಲ್ಲ. ಸಂಶಯಕ್ಕೆ ಯಾವತ್ತೂ ಕಾರಣಗಳ ಕೊರತೆ ಇರುವುದಿಲ್ಲ. ವರ್ತಕ ತನ್ನ ಬುತ್ತಿ ಪೆಟ್ಟಿಗೆಯ ಬೀಗದ ಕೈ ತೆಗೆದು ಸವಾರನಿಗೆ ಕೊಟ್ಟ. ಸವಾರ ಅದನ್ನು ಒಮ್ಮೆ ನೋಡಿ ಸೊಂಟಕ್ಕೆ ಸಿಕ್ಕಿಸಿಕೊಂಡ.

ಇನ್ನು ನಿಜವಾದ ಬೀಗದ ಕೈಯನ್ನು ಎಲ್ಲಿಡುವುದು? ಮೈಮೇಲೆ ಇಟ್ಟುಕೊಂಡರೆ ನಿದ್ದೆ ಹತ್ತಿದಾಗ ಇವನು ತಡಕಿ ತೆಗೆದಾನು. ಜೀನಿನ ಅಡಿಯಲ್ಲಿಟ್ಟರೆ ಕಳ್ಳ ಮೊದಲು ನೋಡುವುದೇ ಅಲ್ಲಿ. ವರ್ತಕನಿಗೆ ತನ್ನ ತಾಯಿಯ ನೆನಪಾಯಿತು. ಆಕೆ ಬಂಗಾರವನ್ನು ಒಲೆಯ ಪಕ್ಕದ ನೆಲದಲ್ಲಿ ಹೂತಿಡುತ್ತಿದ್ದಳು. ಎಷ್ಟು ವರ್ಷ ಬಿಟ್ಟು ತೆಗೆದರೂ ಇಟ್ಟಲ್ಲೇ ಇರುತ್ತಿತ್ತು. ಸವಾರ ಅತ್ತ ತಿರುಗಿ ಬೆಂಕಿ ಹೊತ್ತಿಸುತ್ತಿದ್ದಾಗ ವರ್ತಕ ಮರಳನ್ನು ಬಗೆದು ಬೀಗದ ಕೈ ಹೂತು, ಗುರುತಿಗೆ ಒಂದು ಒಣಮುಳ್ಳಿನ ಕಡ್ಡಿ ನೆಟ್ಟ. ಅವನು ಮಣ್ಣಿನ ಊರಿನವನು. ಮಣ್ಣು ನಂಬಿ ಇಟ್ಟದ್ದನ್ನು ಕಾಯುತ್ತದೆ, ಮರಳಿಗೆ ಆ ಗುಣವಿಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ.

ಅಂದು ರಾತ್ರಿ ಗಾಳಿ ಬೀಸಿತು. ಬೆಳಗಾಗುವ ಹೊತ್ತಿಗೆ ನಿಂತಿತು.

ವರ್ತಕ ಕಣ್ಣುಬಿಟ್ಟಾಗ ಎದುರಿಗಿದ್ದ ದಿಬ್ಬ ಹಿಂದಕ್ಕೆ ಹೋಗಿತ್ತು. ರಾತ್ರಿಯ ಬೆಂಕಿಯ ಬೂದಿಯೂ ಇಲ್ಲ, ಮುಳ್ಳಿನ ಕಡ್ಡಿಯೂ ಇಲ್ಲ. ಸವಾರ ಎದ್ದು ಬಂದು ಸೊಂಟದಲ್ಲಿದ್ದ ಬೀಗದ ಕೈ ತೆಗೆದು ಹಿಂದಕ್ಕೆ ಕೊಟ್ಟು, ತನ್ನದಕ್ಕಾಗಿ ಕೈ ಚಾಚಿದ. ವರ್ತಕ ಕೊಡಲಿಲ್ಲ. ಮಂಡಿಯೂರಿ ಮರಳು ಬಗೆಯತೊಡಗಿದ.

“ಏನು ಹುಡುಕ್ತಾ ಇದ್ದೀರಿ ಸೆಟ್ಟರೇ?”

“ಉಂಗುರ. ಉಂಗುರ ಬಿದ್ದುಹೋಯ್ತು.”

ಸವಾರ ತಾನೂ ಮಂಡಿಯೂರಿ ಹುಡುಕಲು ಕುಳಿತ. ವರ್ತಕ ಥಟ್ಟನೆ ಅಡ್ಡ ಬಂದ. ಇವನ ಕೈಗೇ ಸಿಕ್ಕಿಬಿಟ್ಟರೆ! “ನೀನು ಆ ಕಡೆ ನೋಡು” ಎಂದು ದೂರಕ್ಕೆ ಕಳಿಸಿದ. ಪಾಪ, ಸವಾರ ಇಲ್ಲದ ಉಂಗುರಕ್ಕಾಗಿ ಎಲ್ಲೋ ದೂರದಲ್ಲಿ ಮರಳು ಬಗೆದ. ವರ್ತಕ ಒಂದು ಕಣ್ಣು ಅವನ ಮೇಲಿಟ್ಟು ಇಲ್ಲಿ ಬಗೆದ. ಒಂದೇ ಕಣ್ಣಿನಲ್ಲಿ ಹುಡುಕುವವನಿಗೆ ಸಿಗುವುದಾದರೂ ಏನು? ಬಿಸಿಲೇರಿತು. ಕಸ್ತೂರಿ ಕೋಳದ ಕಾಲಿನಲ್ಲೇ ಕುಪ್ಪಳಿಸಿಕೊಂಡು ಬಂದು ಬರಿದಾದ ನೀರಿನ ಚೀಲವನ್ನು ನೆಕ್ಕಿತು.

ಸವಾರ ಎದ್ದು ಬಂದ. “ಕಳೆದಿರೋದು ಉಂಗುರ ಅಲ್ಲ ಅಲ್ವಾ?” ಎಂದ.

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ವರ್ತಕ ಸೊಂಟ ಮುಟ್ಟಿಕೊಂಡ. “ನಿನಗೆ ಹೇಗೆ ಗೊತ್ತು?” ಎಂದ.

“ಕುದುರೆ ಕೋಳಕ್ಕೆ ಅಷ್ಟು ಚಿಕ್ಕ ಬೀಗದ ಕೈ ಇರಲ್ಲ. ನಿನ್ನೆ ನೋಡಿದಾಗಲೇ ಗೊತ್ತಾಯ್ತು.”

“ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ?”

“ಕೇಳಿದ್ದರೆ ಜಗಳ ಆಗ್ತಿತ್ತು. ನನಗೆ ನಿದ್ದೆ ಬಂದಿತ್ತು.”

ಕಾಮಾಲೆಯ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಸಾಚಾ ಮನುಷ್ಯನಾಗಿದ್ದರೆ ಆಗಲೇ ಜಗಳಕ್ಕೆ ಬರುತ್ತಿದ್ದ ಎಂದುಕೊಂಡ ವರ್ತಕ. ಸುಮ್ಮನಿದ್ದಾನೆಂದರೆ ನಾನು ಹೂಳುವುದನ್ನು ನೋಡಿದ್ದಾನೆ. ನೋಡಿದ್ದಾನೆಂದರೆ ತೆಗೆದಿದ್ದಾನೆ. ವರ್ತಕ ಕತ್ತಿ ಹಿರಿದು “ಬಟ್ಟೆ ಕೊಡವು” ಎಂದ. ಸವಾರ ಅವನ ಮುಖವನ್ನೇ ನೋಡಿದ. ಆಮೇಲೆ ರುಮಾಲು ಬಿಚ್ಚಿ ಕೊಡವಿದ, ಅಂಗಿ ಕಳಚಿ ಕೊಡವಿದ. ಉದುರಿದ್ದು ಮರಳು ಮಾತ್ರ. ಹಾಗಾದರೆ ಬೇರೆ ಎಲ್ಲೋ ಬಚ್ಚಿಟ್ಟಿದ್ದಾನೆ ಎಂದುಕೊಂಡ ವರ್ತಕ.

ಬೀಗ ಒಡೆಯೋಣವೆಂದರೆ ಕಲ್ಲಿಲ್ಲ. ಕತ್ತಿಯ ಮೊನೆ ತುರುಕಿ ತಿರುಚಿದರು, ಮೊನೆ ಮುರಿಯಿತು. ಈಗ ವರ್ತಕನ ಕೈಯಲ್ಲಿ ಉಳಿದದ್ದು ಒಂದೇ, ಸವಾರನ ಕುದುರೆಯ ಬೀಗದ ಕೈ.

ಸವಾರ ಹೇಳಿದ: “ಬಾವಿಯ ಹತ್ತಿರ ಕಮ್ಮಾರರು ಬೀಡು ಬಿಟ್ಟಿದ್ದಾರೆ. ನನ್ನ ಬೀಗದ ಕೈ ಕೊಡಿ. ನೀರು ತುಂಬಿಸ್ಕೊಂಡು, ಕಬ್ಬಿಣ ಕುಯ್ಯೋ ಅರ ಇಸ್ಕೊಂಡು ಹೊತ್ತು ಮುಳುಗೋದರೊಳಗೆ ಬರ್ತೀನಿ.”

ವರ್ತಕನಿಗೆ ಅದು ಬಾಯಿಗೆ ಬಿದ್ದ ಬಿಸಿತುಪ್ಪವಾಯಿತು. ಕೊಟ್ಟರೆ ಇವನು ಹೋಗಿಯೇ ಹೋಗುತ್ತಾನೆ. ಕೊಡದಿದ್ದರೆ ಎರಡು ಕುದುರೆಗಳೂ ಇಬ್ಬರು ಮನುಷ್ಯರೂ ಇಲ್ಲೇ ಒಣಗಬೇಕು. ನಾನೇ ನಿನ್ನ ಕುದುರೆಯ ಮೇಲೆ ಹೋಗಿ ಬರುತ್ತೇನೆ ಎನ್ನೋಣವೆಂದರೆ ದಾರಿ ತಿಳಿಯದು. ಇಬ್ಬರೂ ಹತ್ತೋಣವೆಂದರೆ ಬಡಕಲು ಕುದುರೆ ಮರಳಿನಲ್ಲಿ ಇಬ್ಬರನ್ನು ಹೊರಲಾರದು. ಕಸ್ತೂರಿಯನ್ನು ಒಂಟಿಯಾಗಿ ಬಿಟ್ಟು ಹೋಗುವ ಮಾತಂತೂ ಇಲ್ಲವೇ ಇಲ್ಲ.

ಅವನು ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಕುಳಿತ. ಸವಾರ ತನ್ನ ಕುದುರೆಯ ನೆರಳಿನಲ್ಲಿ ಕುಳಿತ. ಸವಾರ ವಯಸ್ಸಿನಲ್ಲಿ ಚಿಕ್ಕವನು, ಮೈಯಲ್ಲಿ ಗಟ್ಟಿ. ಮೊನೆ ಮುರಿದ ಕತ್ತಿಯನ್ನು ಕಿತ್ತುಕೊಂಡು, ಮುಷ್ಟಿ ಬಿಡಿಸಿ ಬೀಗದ ಕೈ ತೆಗೆದುಕೊಳ್ಳುವುದು ಅವನಿಗೆ ಕಷ್ಟವಿರಲಿಲ್ಲ. ಅವನು ಹಾಗೆ ಮಾಡಲಿಲ್ಲ. ಏಕೆ ಮಾಡುತ್ತಿಲ್ಲ, ಇದರಲ್ಲೂ ಏನೋ ಹೂಟವಿದೆ ಎಂದು ವರ್ತಕ ಅದಕ್ಕೂ ಹೆದರಿದ.

ಬಿಸಿಲು ನೆತ್ತಿಗೆ ಬಂತು. ಕಸ್ತೂರಿ ಮುಂಗಾಲು ಮಡಿಸಿ ಮರಳಿನಲ್ಲಿ ಕುಸಿಯಿತು. ವರ್ತಕ ಓಡಿಹೋಗಿ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಅದರ ನಾಲಿಗೆ ಅವನ ಅಂಗೈಯನ್ನು ನೆಕ್ಕಿತು, ಒಣ ಬಟ್ಟೆಯಂತಿತ್ತು. ಅವನಿಗೆ ಅಳು ಬಂತು. ಮರೆಮಾಚಲೂ ಹೋಗಲಿಲ್ಲ, ಸವಾರನ ಮುಂದೆಯೇ ಅತ್ತ. ಮುಷ್ಟಿ ತಾನಾಗಿ ಸಡಿಲವಾಯಿತು. ಬೀಗದ ಕೈಯನ್ನು ಮರಳಿನ ಮೇಲೆ ಎಸೆದು, “ತಗೋ. ಹೋಗು” ಎಂದ.

ಸವಾರ ಕೋಳ ಬಿಚ್ಚಿದ. ತನ್ನ ಚೀಲದಲ್ಲಿ ಉಳಿದಿದ್ದ ಗುಟುಕು ನೀರನ್ನು ತನ್ನ ಕುದುರೆಗೇ ಕುಡಿಸಿದ. ಓಡಬೇಕಾದದ್ದು ಅದು ತಾನೇ ಎಂದು ತಿಳಿಯಬಹುದಿತ್ತು. ತನ್ನದನ್ನು ಮೊದಲು ನೋಡಿಕೊಂಡ ಎಂದು ತಿಳಿದ ವರ್ತಕ. ಸವಾರ ವರ್ತಕನ ಬರಿದಾದ ಚೀಲಗಳನ್ನೂ ಎತ್ತಿ ಜೀನಿಗೆ ಕಟ್ಟಿದ. ತುಂಬಿ ತರುವುದಕ್ಕಿರಬೇಕು. ನನ್ನ ಚೀಲಗಳೂ ಹೋದವು ಎಂದುಕೊಂಡ ವರ್ತಕ. ಕೊನೆಗೆ ಸವಾರ ತನ್ನ ಕಂಬಳಿಯನ್ನು ಕಸ್ತೂರಿಯ ತಲೆಗೆ ನೆರಳಾಗುವಂತೆ ಹೊದಿಸಿ ಹೊರಟ. ಆ ಹರಕು ಕಂಬಳಿಯನ್ನು ಬಿಟ್ಟುಹೋಗಲು ಯಾರಿಗಾದರೂ ಏನು ಕಷ್ಟ ಎಂದುಕೊಂಡ ವರ್ತಕ.

ಸವಾರ ದಿಬ್ಬ ಏರಿದ. ಏರಿ ಒಮ್ಮೆ ಹಿಂದಿರುಗಿ ನೋಡಿದ. ಆಮೇಲೆ ಕಾಣಿಸಲಿಲ್ಲ.

ವರ್ತಕ ಕಾದ. ಬರುತ್ತಾನೆ ಎನ್ನಲು ಒಂದು ಕಾರಣ ಹುಡುಕಿದ, ಸಿಗಲಿಲ್ಲ. ಇಷ್ಟು ಹೊತ್ತಿಗೆ ಬಾವಿಯಲ್ಲಿ ಅವನ ಕುದುರೆಗೆ ನೀರು ಸಿಕ್ಕಿರುತ್ತದೆ, ಅವನಿಗೂ ಸಿಕ್ಕಿರುತ್ತದೆ. ಸುಳ್ಳು ಹೇಳಿದವನಿಗಾಗಿ, ಕತ್ತಿ ತೋರಿಸಿ ಬಟ್ಟೆ ಬಿಚ್ಚಿಸಿದವನಿಗಾಗಿ ಈ ಬಿಸಿಲಿನಲ್ಲಿ ಯಾರಾದರೂ ಇನ್ನೊಮ್ಮೆ ಮರಳುಗಾಡಿಗೆ ಇಳಿಯುತ್ತಾರೆಯೇ? ಬಂದರೂ ಬರಬಹುದು. ನಾವು ಒಣಗಿ ಸತ್ತ ಮೇಲೆ ಜೀನು, ಪೆಟ್ಟಿಗೆ ಒಯ್ಯಲು ಬರಬಹುದು. ಹೀಗೆ ಯೋಚಿಸುತ್ತಾ ಯೋಚಿಸುತ್ತಾ ಅವನ ಕೈ ತಾನಾಗಿ ಮರಳನ್ನು ಬಗೆಯುತ್ತಲೇ ಇತ್ತು. ಬೀಗದ ಕೈ ಸಿಗಲಿಲ್ಲ. ನೆರಳುಗಳು ಉದ್ದವಾದವು. ಅವನು ಕಂಬಳಿಯ ಅಂಚಿನೊಳಗೆ ತನ್ನ ತಲೆಯನ್ನೂ ತೂರಿಸಿ, ಕಸ್ತೂರಿಯ ಕತ್ತಿಗೆ ಒರಗಿ, ದಿಬ್ಬದ ಕಡೆ ಕಣ್ಣಿಟ್ಟು ಕುಳಿತ. ಸೂರ್ಯ ದಿಬ್ಬವನ್ನು ಮುಟ್ಟಿದ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಪಕ್ಕದಲ್ಲಿದ್ದ ತಂಬಿಗೆ ಎತ್ತಿ ನೀರು ಕುಡಿದರು.

ಶಿಷ್ಯನಿಗೆ ತಡೆಯಲಾಗಲಿಲ್ಲ. “ಆಮೇಲೆ? ಸವಾರ ಹಿಂತಿರುಗಿ ಬಂದನೇ? ಅವನು ಬಂದಿದ್ದರೆ ನಂಬಿಕೆಗೆ ತಕ್ಕವನು, ಬಾರದಿದ್ದರೆ ವರ್ತಕನ ಸಂಶಯವೇ ಸರಿ. ಅದೊಂದು ತಿಳಿದರೆ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಂತೆಯೇ. ಹೇಳಿ ಗುರುಗಳೇ, ಬಂದನೇ?”

ಗುರುಗಳು ತಂಬಿಗೆಯನ್ನು ಕೆಳಗಿಟ್ಟರು.

“ನೀನಾಗಿದ್ದರೆ ಬರುತ್ತಿದ್ದೆಯಾ?” ಎಂದರು.